ಮುಖ ನೋಡದೆ ಬಿಟ್ಟ ಫೋಟೋಗಳು

ದೇವರ ಫೋಟೋದ ಗಾಜು ಸೀಳಿದರೆ ಅದನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು, ಕಸದ ಗಾಡಿಗೂ ಹಾಕಬಾರದು. ನಮ್ಮ ಕಡೆ ಅದನ್ನು ಒಯ್ದು ಕಟ್ಟೆಯಿರುವ ಯಾವುದಾದರೂ ಮರದ ಬುಡದಲ್ಲಿ ಇಟ್ಟು ಬರುತ್ತಾರೆ. ಉಣಕಲ್ಲಿನಲ್ಲಿ ಕೆರೆಯ ಕಡೆ ಹೋಗುವ ದಾರಿಗೆ ಅಂಥದೊಂದು ಅರಳಿ ಮರವಿದೆ. ಅದರ ಬುಡದಲ್ಲಿ ಯಾವಾಗ ನೋಡಿದರೂ ಬಣ್ಣ ಹೋದ ಲಕ್ಷ್ಮಿ, ಸೊಂಡಿಲು ಮುರಿದ ಗಣಪತಿ, ಹುಳ ತಿಂದ ವೀರಭದ್ರ ಒಬ್ಬರ ಮೇಲೊಬ್ಬರು ಒರಗಿಕೊಂಡಿರುತ್ತಾರೆ. ತಂದಿಟ್ಟವರು ಚಪ್ಪಲಿ ಬಿಟ್ಟು ಕೈಮುಗಿಯುತ್ತಾರೆ, ಗಲ್ಲ ಬಡಿದುಕೊಳ್ಳುತ್ತಾರೆ, ಆಮೇಲೆ ಸ್ಕೂಟರ್ ಚಾಲೂ ಮಾಡಿ ಪೇಟೆಗೆ ಹೋಗಿ ಹೊಸದನ್ನು ಕೊಳ್ಳುತ್ತಾರೆ. ಮನೆಯ ಮುದುಕಿಯನ್ನು ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು ಬಂದವನಿಗೆ ಊರು ಉಗಿಯುತ್ತದೆ. ದೇವರನ್ನು ಬಿಟ್ಟು ಬಂದವನು ಭಕ್ತ.

ನನ್ನ ಅಕ್ಕನ ಗಂಡನ ಮನೆತನದಲ್ಲಿ ಈ ಕೆಲಸಕ್ಕೆ ಇನ್ನೊಂದು ಕಟ್ಟಳೆ ಇತ್ತು. ಬಿಡುವ ದೇವರ ಮುಖ ನೋಡಬಾರದು. ನೋಡಿದರೆ ಅದು ಕನಸಿನಲ್ಲಿ ಬಂದು, ನನ್ನನ್ನು ಯಾಕೆ ಬಿಟ್ಟೆ ಎಂದು ಕೇಳುತ್ತದಂತೆ. ಅದಕ್ಕಾಗಿ ಗೋಡೆಯಿಂದ ಇಳಿಸುವವನು ಕತ್ತನ್ನು ಆಚೆ ತಿರುಗಿಸಿ, ಕೈಯಿಂದ ತಡವಿ, ಮೊಳೆಯಿಂದ ಬಿಡಿಸಿ, ಬೆನ್ನು ಮೇಲಾಗಿ ಹಿಡಿದು ಬಟ್ಟೆಯಲ್ಲಿ ಸುತ್ತಬೇಕು. ಮರದ ಬುಡದಲ್ಲಿಯೂ ಮುಖ ಕೆಳಗೆ ಮಾಡಿಯೇ ಇಟ್ಟು ಬರಬೇಕು. ಅಂದರೆ ತಪ್ಪು ಮಾಡುವಾಗ ಕಣ್ಣು ಮುಚ್ಚಿಕೊಂಡರೆ ತಪ್ಪಿಲ್ಲ. ಇಂಥ ಸೌಕರ್ಯದ ಕಟ್ಟಳೆಯನ್ನು ಮೊದಲು ಮಾಡಿದ ಹಿರಿಯ ಯಾರೋ, ಅವನ ಬುದ್ಧಿ ಮಾತ್ರ ಆ ಮನೆಯಲ್ಲಿ ತಲೆತಲೆಮಾರಿಗೆ ಉಳಿದುಕೊಂಡು ಬಂದಿದೆ.

ಉಣಕಲ್ಲಿನ ಹಳೆಯ ಓಣಿಯಲ್ಲಿ ಅಕ್ಕನ ಮನೆ. ಅದರ ದೇವರ ಕೋಣೆಯಲ್ಲಿ ಒಂದೇ ಅಳತೆಯ ಕಪ್ಪು ಚೌಕಟ್ಟಿನ ಫೋಟೋಗಳು ಸಾಲಾಗಿ ತೂಗುತ್ತಿದ್ದವು. ಎಲ್ಲವಕ್ಕೂ ಹುಬ್ಬಳ್ಳಿಯ ಒಬ್ಬನೇ ಕಟ್ಟು ಹಾಕಿ ಕೊಟ್ಟಿದ್ದ. ಬನಶಂಕರಿ, ಎಲ್ಲಮ್ಮ, ವೀರಭದ್ರ, ಮಠದ ಅಜ್ಜ. ಅವರ ಸಾಲಿನಲ್ಲಿ ಕೊನೆಗೆ ಒಬ್ಬ ಹುಡುಗಿ. ಅವಳು ಅಕ್ಕನ ಮೊದಲ ಮಗಳು. ಎರಡನೆಯ ಇಯತ್ತೆ ಮುಗಿಸುವ ಮೊದಲೇ ಜ್ವರದಲ್ಲಿ ಹೋದಳು. ಸತ್ತವರನ್ನು ದೇವರ ಸಾಲಿನಲ್ಲಿ ತೂಗಬಾರದೆಂದು ಅತ್ತೆ, ನಾದಿನಿ, ಪೂಜೆಗೆ ಬರುವ ಐಗೋಳು ಎಲ್ಲರೂ ಹೇಳಿದ್ದರು. ಅಕ್ಕ ಕೇಳಿಸಿಕೊಂಡಳು, ಫೋಟೋ ಮಾತ್ರ ತೆಗೆಯಲಿಲ್ಲ.

ಆ ಫೋಟೋ ತೆಗೆಸಲು ಹುಡುಗಿಯನ್ನು ಸ್ಟುಡಿಯೋಕ್ಕೆ ಕರೆದೊಯ್ದವಳು ನಾನು. ಪಂಚಮಿ ಹಬ್ಬಕ್ಕೆ ಹೊಸ ಫ್ರಾಕು ಹೊಲಿಸಿದ್ದರು. ಹಿಂದೆ ಕೆರೆ ಮತ್ತು ಹಂಸಗಳ ಬಣ್ಣದ ಪರದೆ. ಫೋಟೋದವನು ಅವಳ ಕೈಗೆ ಕೆಂಪು ಫೋನಿನ ರಿಸೀವರ್ ಕೊಟ್ಟು ಕಿವಿಗೆ ಹಿಡಿಸಿದ.

"ಕಾಕಾ, ಇದರಾಗ ಯಾರೂ ಮಾತಾಡವಲ್ರು," ಎಂದಳು.

"ಮಾತು ಆಮ್ಯಾಲೆ. ಮೊದಲ ನಗು ನೀ."

"ಸುಮ್ಮಸುಮ್ಮನ ಹೆಂಗ ನಗೂದು?"

ಅವನೇ ನಕ್ಕ. ಅದನ್ನು ನೋಡಿ ಅವಳು ನಕ್ಕಳು. ಫೋಟೋ ಬಂತು. ಮನೆಗೆ ತಂದಾಗ ಅವಳು ಶೇಂಗಾದ ಉಂಡಿ ತಿನ್ನುತ್ತಿದ್ದಳು. ಬೆಲ್ಲದ ಕೈಯಿಂದಲೇ ಕಸಿದುಕೊಂಡಳು. ಅಕ್ಕ ಕೈಮೇಲೆ ಒಂದು ಕೊಟ್ಟಳು. ಫ್ರಾಕಿನ ಅಂಚಿನ ಕೆಳಗೆ, ಕಾಗದದ ಮೇಲೆ, ಹೆಬ್ಬೆಟ್ಟಿನ ಗುರುತು ಉಳಿದುಬಿಟ್ಟಿತು. ಒರೆಸಿದರೂ ಹೋಗಲಿಲ್ಲ. ಮುಂದಿನ ಪಂಚಮಿಗೆ ಹುಡುಗಿ ಇರಲಿಲ್ಲ, ಮತ್ತೆ ಯಾರೂ ಅದನ್ನು ಒರೆಸಲು ಹೋಗಲಿಲ್ಲ. ಸ್ಟುಡಿಯೋ ಮುಚ್ಚಿ ಎಷ್ಟೋ ಕಾಲವಾಯಿತು. ಆ ಫೋಟೋಕ್ಕೆ ಎರಡನೆಯ ಪ್ರತಿ ಇಲ್ಲ.

ಅಕ್ಕನ ಮಗ ಹುಟ್ಟಿದ್ದು ಆಮೇಲೆ. ಅವನು ಕಾಳಿನ ಅಡತಿ, ಅಂದರೆ ದಲ್ಲಾಳಿ ಅಂಗಡಿ, ಇಟ್ಟುಕೊಂಡಿದ್ದಾನೆ. ಚೀಲಕ್ಕೆ ಕೊಕ್ಕೆ ಚುಚ್ಚಿ ಕಡಲೆ ತೆಗೆದು ಅಂಗೈಯ ಮೇಲೆ ಹರಡಿ, ಒಂದೊಂದು ಕಾಳನ್ನೂ ಬೆರಳಿನಿಂದ ಹೊರಳಿಸಿ ನೋಡುವ ಮನುಷ್ಯ. ಹುಳ ಬಿದ್ದ ಒಂದೇ ಒಂದು ಕಾಳು ಕಂಡರೆ ರೈತನ ಮುಖ ನೋಡಿ ನಗುತ್ತಾನೆ. ಆ ನಗೆಯನ್ನು ನಾನು ಅವನ ಅಂಗಡಿಯಲ್ಲಿ ಕೂತು ನೋಡಿದ್ದೇನೆ. ಇಷ್ಟು ಹುಷಾರಿ ಇರುವವನು ಹಳೆಯ ಮನೆ ಕೆಡವಿ ಅದೇ ಜಾಗದಲ್ಲಿ ಹೊಸದು ಕಟ್ಟಿಸಿದ. ಕಟ್ಟುವ ತನಕ ಅಕ್ಕ ನವನಗರದಲ್ಲಿ ನನ್ನ ಮನೆಯಲ್ಲಿದ್ದಳು. ನಾನು ಒಬ್ಬಳೇ ಇರುವವಳು, ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸದಿಂದ ನಿವೃತ್ತಳಾದವಳು. ಅಕ್ಕ ಬಂದದ್ದು ನನಗೆ ಸಂತೋಷವೇ ಆಗಿತ್ತು.

ಹೊಸ ಮನೆಯ ದೇವರ ಕೋಣೆಗೆ ಬಿಳಿ ಅಮೃತಶಿಲೆ ಹಾಕಿಸಿದರು. ಗೋಡೆಯೊಳಗಿಂದ ಹಳದಿ ಬೆಳಕು ಸೋರುವಂತೆ ಲೈಟು ಕೂಡಿಸಿದರು. ಅಲ್ಲಿ ಒಂದೇ ಮೂರ್ತಿ, ಅದೂ ಅಮೃತಶಿಲೆಯದು. ಹಳೆಯ ಫೋಟೋಗಳಿಗೆ ಹೊಗೆ ಹಿಡಿದಿದೆ, ಒಂದೆರಡರ ಗಾಜು ಸೀಳಿದೆ, ಗೋಡೆಗೆ ಮೊಳೆ ಹೊಡೆದರೆ ಕಲ್ಲು ಸೀಳುತ್ತದೆ ಎಂದು ಮಗ ಸೊಸೆ ಮೊದಲೇ ಮಾತಾಡಿಕೊಂಡಿದ್ದರು. ಹಳೆಯ ಮನೆ ಕೆಡವುವ ಮೊದಲಿನ ಅಮಾವಾಸ್ಯೆಯ ದಿನ ಅವನೇ ಸ್ನಾನ ಮಾಡಿ, ಬರಿಗಾಲಲ್ಲಿ ನಿಂತು, ಕತ್ತು ತಿರುಗಿಸಿಕೊಂಡು ಎಲ್ಲವನ್ನೂ ಇಳಿಸಿ, ಅಂಗಡಿಯ ಗೋಣಿಚೀಲಕ್ಕೆ ಹಾಕಿ ಅರಳಿ ಮರದ ಬುಡಕ್ಕೆ ಬಿಟ್ಟು ಬಂದ. ಇದನ್ನು ನಮಗೆ ಅವನು ಹೇಳಿದ್ದು ಗೃಹಪ್ರವೇಶದ ದಿನ, ಅದೂ ಅಕ್ಕ ಕೇಳಿದ ಮೇಲೆ. ಅಲ್ಲಿಯ ತನಕ ಅವು ಅವನ ಅಂಗಡಿಯಲ್ಲಿ ಕಟ್ಟಿಟ್ಟಿವೆ ಎಂದೇ ನಾವು ತಿಳಿದಿದ್ದೆವು.

ಆ ದಿನ ಹೋಳಿಗೆ ಊಟ. ಬಂದವರೆಲ್ಲ ಬಚ್ಚಲಿನ ನಲ್ಲಿ ತಿರುವಿ ತಿರುವಿ ನೋಡುತ್ತಿದ್ದರು. ಅಕ್ಕ ಪೂಜೆಗೆ ಕೂಡಲಿಲ್ಲ. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಗೋಡೆ ನೋಡುತ್ತ ಹೋದಳು.

"ಏನ್ ಹುಡುಕಾಕತ್ತೀಯವ್ವಾ?" ಎಂದ ಮಗ.

"ಹುಡುಗಿ ಎಲ್ಲಿ?"

"ಯಾ ಹುಡುಗಿ?"

ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ಅವನು ನಾಟಕ ಮಾಡುತ್ತಿರಲಿಲ್ಲ. ಹುಟ್ಟಿದಾಗಿನಿಂದ ದಿನವೂ ಯಾರ ಮುಂದೆ ಊದಿನಕಡ್ಡಿ ತಿರುವಿದ್ದನೋ, ಆ ಹುಡುಗಿ ಯಾರೆಂದು ಅವನಿಗೆ ನಿಜವಾಗಿಯೂ ಹೊಳೆಯಲಿಲ್ಲ.

"ನಿಮ್ಮಕ್ಕ," ಎಂದಳು ಅಕ್ಕ.

ಅವನ ಮುಖ ಸ್ವಲ್ಪ ಇಳಿಯಿತು. "ಎಲ್ಲಾ ಒಂದ ಅಳತಿ ಇದ್ದುವವ್ವಾ. ನಾ ಮುಖ ನೋಡಲಿಲ್ಲ. ನೋಡಬಾರ್ದಂತ ನೀನ ಹೇಳಿದ್ದಿಲ್ಲೇನು?"

"ಆಕಿ ದೇವರಲ್ಲೋ."

"ದೇವರ ಸಾಲಿನ್ಯಾಗ ಹಾಕಿದಾಕಿ ನೀನ. ಈಗ ನನಗ ಯಾಕ ಅಂತೀ? ಹೋಗ್ಲಿ ಬಿಡು, ಮಂದಿ ಬಂದಾರ."

ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ ಮಂದಿಯ ನಡುವೆ ನಾನು ಅಕ್ಕನ ಕೈ ಹಿಡಿದು ಹೊರಗೆ ಬಂದೆ. ಇಬ್ಬರೂ ನಡೆದುಕೊಂಡೇ ಅರಳಿ ಮರದ ತನಕ ಹೋದೆವು. ಅಲ್ಲಿ ಬೇರೆ ಮನೆಗಳ ದೇವರಿದ್ದರು. ನಮ್ಮ ಗೋಣಿಚೀಲ ಇರಲಿಲ್ಲ. ಅಕ್ಕ ಒಂದೊಂದೇ ಫೋಟೋ ತಿರುವಿ ಮುಖ ನೋಡಿದಳು. ಕಟ್ಟೆಯ ಮೇಲೆ ಕೂತಿದ್ದ ಒಬ್ಬಾತ, "ಹಂಗ ಮುಟ್ಟಬಾರ್ದ್ರಬೇ, ದೋಷ ಬರ್ತೈತಿ," ಎಂದ. ಎಲೆಯಡಿಕೆ ಉಗುಳುವುದಕ್ಕೆ ಅವನು ಅದೇ ಮರದ ಇನ್ನೊಂದು ಮಗ್ಗುಲನ್ನು ಬಳಸುತ್ತಿದ್ದ.

ಮಗನ ಮನೆಯಲ್ಲಿ ಅಕ್ಕನಿಗೊಂದು ಕೋಣೆ ಕೊಟ್ಟರು. ಅವಳು ಅಲ್ಲಿದ್ದಳು. ಹುಡುಗಿಯ ಮಾತನ್ನು ಎತ್ತಲಿಲ್ಲ. ಕೆಲವು ತಿಂಗಳ ನಂತರ ಒಂದು ಮುಂಜಾನೆ ನನಗೆ ಫೋನು ಮಾಡಿ, "ಇಲ್ಲೆ ಬಾ. ಒಂದು ತೋರಸ್ತೇನಿ," ಎಂದಳು.

ಹೋದೆ. ಪಡಸಾಲೆಯಲ್ಲಿ, ಕೈತೊಳೆಯುವ ಬೇಸಿನ್ನಿನ ಮೇಲೆ, ಒಂದು ಹೊಸ ಕನ್ನಡಿ ತೂಗುಹಾಕಿದ್ದರು. ಕನ್ನಡಿ ಹೊಸದು, ಕಟ್ಟು ಹಳೆಯದು. ಕಪ್ಪು ಬಣ್ಣವನ್ನು ಅಲ್ಲಲ್ಲಿ ಕೆರೆದು ಒಳಗಿನ ಕಟ್ಟಿಗೆ ಕಾಣಿಸುವಂತೆ ಮಾಡಿದ್ದರು. ಕೆಳಗಿನ ಎಡಮೂಲೆಯಲ್ಲಿ ಉದ್ದಿನಕಾಳಿನಾಕಾರದ ಒಂದು ಸುಟ್ಟ ಕಲೆ. ಆ ಕಲೆಯಾದದ್ದು ನನಗೆ ನೆನಪಿದೆ. ಒಂದು ನವರಾತ್ರಿಯಲ್ಲಿ ದೀಪದ ಕುಡಿ ಬನಶಂಕರಿಯ ಕಟ್ಟಿಗೆ ತಾಗಿ, ಅಕ್ಕ ಬರಿಗೈಯಿಂದ ಆರಿಸಿದ್ದಳು.

ಸೊಸೆ ಬಂದು ಪಕ್ಕದಲ್ಲಿ ನಿಂತಳು. "ಛಲೋ ಐತಲ್ರಿ ಚಿಗವ್ವಾರ? ಧಾರವಾಡ ರೋಡಿನ್ಯಾಗ ಒಂದ ಅಂಗಡಿ ಐತ್ರಿ. ಬಿಟ್ಟ ಸಾಮಾನದಿಂದ ಕಲಾ ಮಾಡ್ತಾರ. ಆ ಸುಟ್ಟ ಕಲಿನ ಇದರ ಚೆಂದ ಅಂತ ಹೇಳಿದ್ರು. ಅದಕ್ಕ ಬೆಲಿ ಜಾಸ್ತಿ."

"ಇದು ನಮ್ಮ ಬನಶಂಕರಿ ಕಟ್ಟು," ಎಂದಳು ಅಕ್ಕ.

ಮಗ ಅಂಗಡಿಗೆ ಹೊರಟವನು ನಿಂತು, ಕಟ್ಟನ್ನು ಬೆರಳಿನಿಂದ ಬಡಿದು ನೋಡಿದ. "ಇಂಥಾ ಕಟ್ಟು ಊರ ತುಂಬ ಇರ್ತಾವವ್ವಾ. ಅಷ್ಟಕ್ಕೂ ನಮ್ದ ಇದ್ರ ಛಲೋನ ಆತಲ್ಲ, ತಿರುಗಿ ಮನಿಗೆ ಬಂತು." ಹೀಗೆ ಹೇಳಿ, ಅದರಲ್ಲಿಯೇ ನೋಡಿಕೊಂಡು ಕೂದಲು ಸರಿಮಾಡಿಕೊಂಡು ಹೋದ.

ಮನೆತನದ ದೇವತೆಯನ್ನು ಪುಕ್ಕಟೆ ಬಿಟ್ಟು ಬಂದು, ಅವಳ ಕಟ್ಟನ್ನು ದುಡ್ಡು ಕೊಟ್ಟು ತಂದು, ಅವಳಿದ್ದ ಜಾಗದಲ್ಲಿ ತಮ್ಮ ಮುಖವನ್ನು ಇಟ್ಟುಕೊಂಡಿದ್ದರು. ಅವರಿಗೆ ಒಪ್ಪುವ ದೇವರು ಅದೇ ಇದ್ದೀತು. ನನಗೆ ಅಲ್ಲಿ ನಿಂತು ನಗಬೇಕೆನ್ನಿಸಿತು. ನಗಲಿಲ್ಲ, ಏಕೆಂದರೆ ಅಕ್ಕ ಆಗಲೇ ಒಳಗೆ ಹೋಗಿ ಸೀರೆ ಬದಲಿಸುತ್ತಿದ್ದಳು.

"ಕಟ್ಟು ಅಲ್ಲಿ ಹೋಗಿದ್ರ ಆಕಿನೂ ಅಲ್ಲೇ ಇರ್ತಾಳ," ಎಂದಳು. "ನಡಿ, ಹೋಗೂಣು."

ಆ ಅಂಗಡಿ ಮೊದಲು ಹತ್ತಿಯ ಗೋದಾಮಾಗಿತ್ತು. ಈಗ ಬಾಗಿಲಿಗೆ ಸೈಕಲ್ಲಿನ ಚೈನುಗಳಿಂದ ಮಾಡಿದ ನವಿಲನ್ನು ನಿಲ್ಲಿಸಿದ್ದರು. ಒಳಗಿನದನ್ನು ಕಂಡ ಕ್ರಮದಲ್ಲಿಯೇ ಹೇಳುತ್ತೇನೆ. ಕಂದೀಲುಗಳೊಳಗೆ ಕರೆಂಟಿನ ಬಲ್ಬು. ಹೊಲಿಗೆ ಯಂತ್ರದ ಕಾಲುಗಳ ಮೇಲೆ ಗಾಜಿನ ಹಾಸು. ರೊಟ್ಟಿಯ ಹಿಟ್ಟು ನಾದುವ ಕಟ್ಟಿಗೆಯ ಕೊಣಮಿಗೆ ಗೋಡೆಯ ಮೇಲೆ, ಅದರೊಳಗೆ ಬಟ್ಟೆಯ ಹೂವು. ಬೀಸುಕಲ್ಲಿನ ಮೇಲೆ ಮೆತ್ತನೆಯ ದಿಂಬು ಹಾಕಿ ಮಾಡಿದ ಆಸನ. ಯಾರೋ ತೊಟ್ಟಿಲನ್ನು ಪತ್ರಿಕೆ ಇಡುವ ಗೂಡು ಮಾಡಿದ್ದರು. ಪ್ರತಿಯೊಂದಕ್ಕೂ ದಾರದಲ್ಲಿ ಕಟ್ಟಿದ ಚೀಟಿ, ಚೀಟಿಯಲ್ಲಿ ನಾಲ್ಕು ಸಾಲಿನ ಕಥೆ. ಕೊಣಮಿಗೆಯ ಚೀಟಿಯಲ್ಲಿ, 'ಅಜ್ಜಿಯ ಕೈಯ ಬಿಸುಪು ಇನ್ನೂ ಇದರಲ್ಲಿದೆ' ಎಂದು ಬರೆದಿತ್ತು. ಆ ಅಜ್ಜಿ ಯಾರು, ಎಲ್ಲಿಯವಳು, ಅದನ್ನು ಗುಜರಿಗೆ ಹಾಕುವಾಗ ಅವಳು ಬದುಕಿದ್ದಳೋ ಇಲ್ಲವೋ ಎಂಬುದು ಇರಲಿಲ್ಲ. ಕೊಣಮಿಗೆಗೆ ವಾರ್ನಿಶ್ ಹೊಡೆದಿದ್ದರು. ನಾನು ಮುಟ್ಟಿ ನೋಡಿದೆ, ತಣ್ಣಗಿತ್ತು.

ಹಳೆಯ ವಸ್ತುವನ್ನು ಇನ್ನೊಂದಕ್ಕೆ ಬಳಸುವುದು ಹೊಸ ವಿದ್ಯೆಯೇನಲ್ಲ. ಹರಿದ ಸೀರೆಯಲ್ಲಿ ಕೌದಿ ಹೊಲಿದು ಹೊದ್ದವರು ನಾವು. ಆದರೆ ಕೌದಿಯೊಳಗಿನ ಸೀರೆ ಯಾರದೆಂದು ಹೊದ್ದವರಿಗೆ ಗೊತ್ತಿರುತ್ತಿತ್ತು. ಇಲ್ಲಿ ಗೊತ್ತಿಲ್ಲದಿರುವುದೇ ಬಂಡವಾಳ. ಗೊತ್ತಿದ್ದರೆ ಕಥೆ ಕಟ್ಟಲು ಬರುವುದಿಲ್ಲ.

ಅಂಗಡಿಯವರು ನಡುವಯಸ್ಸಿನ ಒಬ್ಬ ಗೃಹಸ್ಥರು, ಸಭ್ಯರು. ಮೊದಲು ಟೈಲ್ಸ್ ವ್ಯಾಪಾರ ಮಾಡುತ್ತಿದ್ದರಂತೆ, ಈಗ ಕಲಾವಿದರು. ನಮಗೆ ಕುರ್ಚಿ ಕೊಟ್ಟು ನೀರು ತರಿಸಿದರು. ಅಕ್ಕ ಕಟ್ಟಿನ ವಿಷಯ ಹೇಳಿದಾಗ ಮುಚ್ಚಿಡಲಿಲ್ಲ.

"ಹೌದ್ರಿ ಅಮ್ಮಾರ, ಗಿಡದ ಬುಡಕಿಂದ ತರಸ್ತೇವಿ. ದೇವರನ್ನ ನಾವು ಮಾರೂದಿಲ್ರಿ. ಅದೊಂದ ಪಾಪ ನಮಗ ಬ್ಯಾಡ. ಕಾಗದಾ ತಗದು ನೀರಿಗೆ ಬಿಡಸ್ತೇವಿ. ಕಟ್ಟಷ್ಟ ನಮ್ದು."

"ಮನುಷ್ಯಾರ ಫೋಟೋ ಬಂದಿದ್ರ?"

"ಅವನ್ನ ನೀರಿಗೆ ಬಿಡಾಕ ಮನಸ ಬರೂದಿಲ್ರಿ. ಅವಕ್ಕ ಗೌರವ ಕೊಟ್ಟೇವಿ. ಬರ್ರಿ, ನೋಡ್ರಿ."

ಹಿಂದಿನ ಕೋಣೆಗೆ ಕರೆದೊಯ್ದರು. ಅಲ್ಲಿ ಚಹಾ ಕಪ್ಪು ಇಡುವ ಗಿಡ್ಡ ಮೇಜೊಂದು ಇತ್ತು. ನಾಲ್ಕು ಮಂದಿ ಸುತ್ತ ಕೂಡುವಷ್ಟು ದೊಡ್ಡದು. ಅದರ ಮೈತುಂಬ ಹಳೆಯ ಫೋಟೋಗಳನ್ನು ಒತ್ತೊತ್ತಾಗಿ ಅಂಟಿಸಿ, ಮೇಲೆ ಗಾಜಿನಂತೆ ಗಟ್ಟಿಯಾಗುವ ಒಂದು ದ್ರವವನ್ನು ಎರಡು ಬೆರಳು ದಪ್ಪಕ್ಕೆ ಸುರಿದಿದ್ದರು. ರೆಸಿನ್ ಎಂದರು ಅದಕ್ಕೆ. ಮದುವೆಯ ಜೋಡಿಗಳು, ಕೋಲು ಹಿಡಿದ ಮುದುಕರು, ಬಟ್ಟೆಯಿಲ್ಲದೆ ಬೋರಲು ಮಲಗಿದ ಕೂಸುಗಳು, ಎಲ್ಲರೂ ಕೆರೆಯ ತಳದಲ್ಲಿ ಇರುವವರ ಹಾಗೆ ಮೇಲೆ ನೋಡುತ್ತಿದ್ದರು. ಚೀಟಿಯಲ್ಲಿ 'ನಮ್ಮೆಲ್ಲರ ಹಿರಿಯರು' ಎಂದಿತ್ತು. ಒಂದು ಮೂಲೆಯಲ್ಲಿ ಯಾರೋ ಚಹಾ ಕುಡಿದು ಇಟ್ಟ ಕಪ್ಪಿನ ಉಂಗುರ.

ಅಕ್ಕ ಬಗ್ಗಿ ನೋಡುತ್ತ ಮೇಜನ್ನು ಸುತ್ತಿದಳು. ಒಂದು ಕಡೆ ನಿಂತಳು. ಕೆಂಪು ಫೋನು ನನಗೂ ಕಂಡಿತು. ಕಪ್ಪು ಕಟ್ಟು ಇರಲಿಲ್ಲ. ಫ್ರಾಕಿನ ಅಂಚಿನ ಕೆಳಗೆ ಬೆಲ್ಲದ ಹೆಬ್ಬೆಟ್ಟು ಇತ್ತು. ನಾನೂ ಬಗ್ಗಿ ಮೇಜಿಗೆ ಕೈ ಊರಿದೆ. ಕೈ ಇಟ್ಟದ್ದು ಯಾರದೋ ಮದುಮಗಳ ಮುಖದ ಮೇಲೆ.

"ಈಕಿ ನನ್ನ ಮಗಳು," ಎಂದಳು ಅಕ್ಕ. "ಈಕಿನ್ನ ಕೊಡ್ರಿ."

ಅಂಗಡಿಯವರ ಕಣ್ಣು ಒದ್ದೆಯಾದವು. ಅದು ಸುಳ್ಳೆಂದು ನಾನು ಹೇಳಲಾರೆ. ಟೈಲ್ಸ್ ಮಾರುವವರಿಗೂ ಕಣ್ಣೀರಿರುತ್ತದೆ. "ಇದೇ ನೋಡ್ರಿ, ಕಲಾ ಅಂದ್ರ," ಎಂದರು. "ಕಳಕೊಂಡವರನ್ನ ಕೂಡಸ್ತೈತಿ."

"ಕೊಡ್ರಿ ಅಂದೆ."

"ಅದು ಬಿಡಿಸಾಕ ಬರೂದಿಲ್ರಿ ಅಮ್ಮಾರ. ಮತ್ತ, ಒಂದ ಹೋಟೆಲಿನವ್ರು ಇದನ್ನ ಬೇಕಂತ ಹೇಳ್ಯಾರ. ಒಂದ ಕೆಲಸ ಮಾಡ್ತೇನಿ. ಮೊಬೈಲಿನ್ಯಾಗ ಫೋಟೋ ಹೊಡದು, ದೊಡ್ಡದ ಮಾಡಿ, ಬಣ್ಣಾ ಸರಿಮಾಡಿ ಕೊಡ್ತೇನಿ. ಆ ಕಲಿನೂ ತಗಸ್ತೇನಿ."

ಕಲೆ ಎಂದಾಗ ಅವರ ಬೆರಳು ಇದ್ದದ್ದು ಹೆಬ್ಬೆಟ್ಟಿನ ಗುರುತಿನ ಮೇಲೆ. ಬನಶಂಕರಿಯ ಕಟ್ಟಿನ ಕಲೆಯನ್ನು ಹೆಚ್ಚಿನ ಬೆಲೆಗೆ ಮಾರಿದ್ದವರು ಇದನ್ನು ಪುಕ್ಕಟೆ ತೆಗೆದುಕೊಡಲು ಸಿದ್ಧರಿದ್ದರು.

"ನನಗ ಫೋಟೋದ ಫೋಟೋ ಬ್ಯಾಡ," ಎಂದಳು ಅಕ್ಕ. "ಆಕಿ ಕೈ ಹಚ್ಚಿದ್ದು ಇದಕ್ಕ."

ಹೀಗೆಂದು ಒಂದು ಬೀಸುಕಲ್ಲಿನ ಆಸನವನ್ನು ಕಾಲಿನಿಂದ ಸರಿಸಲು ನೋಡಿದಳು, ಅದು ಅಲುಗಲಿಲ್ಲ. ನೆಲದ ಮೇಲೆಯೇ ಕೂತಳು. ಅಂಗೈಯನ್ನು ಹುಡುಗಿಯ ಮೇಲಿಟ್ಟು, ಇನ್ನು ಏಳುವುದಿಲ್ಲ ಎಂಬ ಹಾಗೆ ಕಾಲು ಮಡಚಿಕೊಂಡಳು. ಅಂಗಡಿಯವರು ಸಮಾಧಾನ ಹೇಳಿದರು. ಚಹಾ ತರಿಸಿದರು. ಚಹಾ ಇಡಲು ಅವರ ಕೈ ತಾನಾಗಿ ಆ ಮೇಜಿನ ಕಡೆಗೇ ಹೋಯಿತು. ಆಮೇಲೆ ತಾವೇ ನಾಚಿ ನೆಲದ ಮೇಲಿಟ್ಟರು.

ಅಷ್ಟರಲ್ಲಿ ಗಿರಾಕಿಗಳು ಬಂದರು. ಗಂಡ ಹೆಂಡತಿ, ಧಾರವಾಡದವರು, ಓದಿದವರು. ಹೆಂಡತಿ ಮೇಜನ್ನೂ ಅದರ ಪಕ್ಕದಲ್ಲಿ ಕೂತ ಮುದುಕಿಯನ್ನೂ ನೋಡಿ ಕೈಯನ್ನು ಎದೆಗೆ ಇಟ್ಟುಕೊಂಡಳು.

"ಎಷ್ಟ ಛಲೋ ಕಾಣಸ್ತೈತ್ರೀ. ಅಜ್ಜಿಯಾರ, ಹಂಗ ಕೂಡ್ರಿ, ಒಂದ ಫೋಟೋ ತಗೋತೇನಿ. ಕೈ ಅಲ್ಲೇ ಇರ್ಲಿ."

ನಾನು ಆಕೆಯ ಮೊಬೈಲಿಗೆ ಅಡ್ಡ ನಿಂತೆ.

"ಯಾಕ್ರಿ?" ಎಂದಳು ಆಕೆ, ನಿಜವಾಗಿಯೂ ನೊಂದು. "ಕೆಟ್ಟದಕ್ಕಲ್ರಿ. ಮಂದಿ ನೋಡ್ಲಿ ಅಂತ."

"ಮಂದಿ ನೋಡೂದು ಭಾಳ ಆಗೇತ್ರಿ," ಎಂದೆ. "ನೀವು ಆ ತೊಟ್ಟಲಾ ನೋಡ್ರಿ. ಅದರಾಗ ಕೂಸಿಲ್ಲ."

ಅವರು ಹೋದರು. ಹೋಗುವಾಗ ಒಂದು ಕಂದೀಲು ಕೊಂಡು ಹೋದರು.

ಅಂಗಡಿಯವರು ಒಳಗೆ ಹೋಗಿ ಯಾರಿಗೋ ಫೋನು ಮಾಡಿದರು. ಕನ್ನಡಿ ಕೊಂಡಾಗ ಸೊಸೆ ಅವರಿಗೆ ಮನೆಯ ನಂಬರು ಕೊಟ್ಟಿದ್ದಳಂತೆ. ಸ್ವಲ್ಪ ಹೊತ್ತಿಗೆ ಅಕ್ಕನ ಮಗ ಬಂದ, ಅಂಗಿಯ ತೋಳಿನ ಮೇಲೆ ಕಾಳಿನ ಧೂಳು ಇತ್ತು. ಬಾಗಿಲಲ್ಲೇ ಚಪ್ಪಲಿ ಬಿಟ್ಟ. ಅವನಿಗೆ ಎಲ್ಲಿ ಚಪ್ಪಲಿ ಬಿಡಬೇಕೆಂಬುದು ಯಾವಾಗಲೂ ಗೊತ್ತು.

"ಯವ್ವಾ, ಏಳು. ಮಂದಿ ನೋಡಾಕತ್ತಾರ."

"ನೋಡ್ಲಿ."

"ನಾ ಇನ್ನೊಂದ ಮಾಡಸ್ತೇನಿ. ಬೆಳ್ಳಿ ಕಟ್ಟು ಹಾಕಸ್ತೇನಿ. ಚಿಗವ್ವಾ, ನೀನರ ಹೇಳು."

ನಾನು ಅಕ್ಕನ ಪಕ್ಕಕ್ಕೆ ಹೋಗಿ ನೆಲದ ಮೇಲೆ ಕೂತೆ.

"ನೀನೂ ನೋಡು," ಎಂದಳು ಅಕ್ಕ, ಮಗನಿಗೆ. ಅಂಗೈಯನ್ನು ತೆಗೆದಳು. "ಅವತ್ತ ನೋಡಲಿಲ್ಲಲ್ಲ. ಈಗರ ಮುಖ ನೋಡು."

ಅವನು ನಿಂತೇ ಇದ್ದ. ಬಿಟ್ಟದ್ದರ ಮುಖ ನೋಡಬಾರದೆಂಬುದು ಅವನ ಕಾಲಿನಲ್ಲಿ ಕೂತಿತ್ತು. ಆಮೇಲೆ ಕುಕ್ಕರಗಾಲಿನಲ್ಲಿ ಕೂತು, ಅಂಗೈಯ ಮೇಲಿನ ಕಾಳು ನೋಡುವಾಗಿನ ಹಾಗೆಯೇ ಕಣ್ಣು ಸಣ್ಣ ಮಾಡಿ ನೋಡಿದ. ಬಹಳ ಹೊತ್ತು ನೋಡಿದ. ಅವನ ಬಾಯಿಂದ ಏನು ಬರುತ್ತದೆಯೋ ಎಂದು ನಾನು ಕಾಯುತ್ತಿದ್ದೆ.

"ನನ್ನಂಗ ಅದಾಳ," ಎಂದ.

ಗೋಡೆಯ ಕನ್ನಡಿ ಸಾಲದೆ ಇಲ್ಲಿಯೂ ಅವನು ಕಂಡದ್ದು ತನ್ನನ್ನೇ. ಆದರೆ ಅಕ್ಕ ಸಿಟ್ಟಾಗಲಿಲ್ಲ.

"ನೀ ಆಕಿ ಹಂಗ ಅದೀ," ಎಂದಳು. "ಮೊದಲ ಬಂದಾಕಿ ಆಕಿ."

ಅವನು ಎದ್ದು ಅಂಗಡಿಯವರಿಗೆ, "ಕೊಯ್ರಿ ಅದನ್ನ. ಏನ್ ರೊಕ್ಕ ಆಗ್ತೈತೋ ನಾ ನೋಡ್ಕೋತೇನಿ," ಎಂದ. ಆ ಮಾತಿಗೆ ಅವನನ್ನು ಮೆಚ್ಚಬೇಕು ಎಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಹುಡುಗಿಗೆ ಅವನ ಮೂಗು ಇರದೇ ಹೋಗಿದ್ದರೆ ಅವಳು ಇವತ್ತು ಹೋಟೆಲಿನಲ್ಲಿ ಇರುತ್ತಿದ್ದಳು.

ಕಲ್ಲು ಕೊಯ್ಯುವ ಮಷಿನು ತಂದರು. ಕೊಯ್ಯುವವನು ಕರವಸ್ತ್ರವನ್ನು ಬಾಯಿಗೆ ಕಟ್ಟಿಕೊಂಡ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಎದ್ದಿತು, ಬಿಳಿಯ ಪುಡಿ ಎಲ್ಲರ ಮೇಲೂ ಬಿತ್ತು. ಅಕ್ಕ ಹಿಂದೆ ಸರಿಯಲಿಲ್ಲ. ಹುಡುಗಿಯ ಎಡಕ್ಕೆ ಒಬ್ಬ ರುಮಾಲಿನ ಮುದುಕರ ಫೋಟೋ ಒತ್ತಿಕೊಂಡಿತ್ತು. "ಇನ್ನಾ ಸಣ್ಣ ಕೊಯ್ದ್ರ ಹುಡುಗಿ ಕೈ ಹೋಗ್ತೈತ್ರಿ," ಎಂದ ಕೊಯ್ಯುವವನು. ಕೈ ಉಳಿಸಲು ಗೆರೆಯನ್ನು ಆಚೆ ಸರಿಸಿದರು. ತುಂಡು ಹೊರಗೆ ಬಂದಾಗ ಹುಡುಗಿಯ ಜೊತೆಗೆ ಆ ಮುದುಕರ ಒಂದು ಭುಜ, ಒಂದು ಕಿವಿ, ಅರ್ಧ ಮೀಸೆ ಕೂಡಿ ಬಂದವು.

ಅಕ್ಕ ಅದನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಇಟ್ಟಂಗಿಯಷ್ಟು ಭಾರವಿತ್ತು. ಮಗ ಕಾರಿನ ಬಾಗಿಲು ತೆಗೆದು ನಿಂತ. "ದೇವರ ಮನ್ಯಾಗ ಬ್ಯಾಡವ್ವಾ, ಮ್ಯಾಲಿನ ಖೋಲಿಯಾಗ ಒಂದ ಸ್ಟೂಲ್ ಹಾಕಿ ಇಡೂಣು," ಎಂದ. ಅಕ್ಕ ಕಾರು ಹತ್ತಿದಳು, ನವನಗರಕ್ಕೆ ಬಿಡು ಎಂದಳು. ಅವತ್ತಿನಿಂದ ನನ್ನ ಮನೆಯಲ್ಲಿಯೇ ಇದ್ದಾಳೆ. ಮಗ ಹಣ್ಣು ಹಿಡಿದುಕೊಂಡು ಬರುತ್ತಾನೆ, ಹೋಗುತ್ತಾನೆ. ಆ ತುಂಡಿಗೆ ಕೈ ಮುಗಿಯಬೇಕೋ ಬೇಡವೋ ತಿಳಿಯದೆ ಪ್ರತಿ ಸಲ ಕೈಯನ್ನು ಕಿಸೆಯಲ್ಲಿ ಹಾಕಿಕೊಳ್ಳುತ್ತ ತೆಗೆಯುತ್ತ ನಿಲ್ಲುತ್ತಾನೆ.

ಅದನ್ನು ತೂಗುಹಾಕಲು ಬರುವುದಿಲ್ಲ. ಅಡಿಗೆಮನೆಯ ಹಲಗೆಯ ಮೇಲೆ ಗೋಡೆಗೆ ಆನಿಸಿ ಇಟ್ಟಿದ್ದೇವೆ. ಅಕ್ಕ ದಿನವೂ ಒರೆಸುತ್ತಾಳೆ. ಮೊದಲು ಗಾಜು ತೆಗೆದು, ಕಾಗದದ ಮೇಲಿನ ಆ ಹೆಬ್ಬೆಟ್ಟಿಗೆ ತನ್ನ ಹೆಬ್ಬೆಟ್ಟು ಇಡುತ್ತಿದ್ದಳು, ಪಂಚಮಿಗೊಮ್ಮೆ. ಈಗ ನಡುವೆ ಎರಡು ಬೆರಳಿನ ದಪ್ಪವಿದೆ. ಬೆರಳು ಮೇಲೆಯೇ ಜಾರುತ್ತದೆ. ನೀರಿಗೂ ಬೆಂಕಿಗೂ ಹುಳಕ್ಕೂ ಅಂಜುವುದಿಲ್ಲ, ಸಾವಿರ ವರ್ಷ ಹೀಗೇ ಇರುತ್ತದೆ ಎಂದು ಅಂಗಡಿಯವರು ಹೇಳಿ ಕಳಿಸಿದ್ದರು. ಅದು ನಿಜವಿರಬಹುದು. ತಾಯಿಯ ಬೆರಳಿಗೂ ಅದು ಅಂಜುವುದಿಲ್ಲ.

ಒಂದು ದಿನ ಒರೆಸುತ್ತ ಅಕ್ಕ ಕೇಳಿದಳು, "ಈ ಅಜ್ಜನ ಮನಿಯವ್ರು ಹುಡುಕ್ಕೋತ ಬಂದ್ರ?"

"ಯಾರ್ ಬರ್ತಾರ ಬಿಡು."

"ನಾ ಬರಲಿಲ್ಲೇನು? ಹೋಗು. ಈ ಅಜ್ಜನ ಉಳದದ್ದು ಇಲ್ಲಿ ಐತಿ ಅಂತ ಹೇಳಿ ಬಾ."

ಹೋದೆ. ಮೇಜು ಈಗ ಮುಂದಿನ ಕೋಣೆಗೆ ಬಂದಿತ್ತು, ಬಾಗಿಲು ದಾಟಿದ ಕೂಡಲೇ ಕಾಣುವ ಹಾಗೆ. ಹುಡುಗಿಯಿದ್ದ ಜಾಗದಲ್ಲಿ ಚೌಕಾದ ತೂತು. ತೂತಿನ ಅಂಚನ್ನು ನುಣ್ಣಗೆ ಉಜ್ಜಿ, ಹಿತ್ತಾಳೆಯ ಪಟ್ಟಿ ಹೊಡೆದು, ಕೆಳಗಿನಿಂದ ಸಣ್ಣದೊಂದು ದೀಪ ಹಚ್ಚಿದ್ದರು. ಹಳೆಯ ಚೀಟಿ ಹೋಗಿ ಹೊಸದು ಬಂದಿತ್ತು. 'ಒಬ್ಬ ತಾಯಿ ತನ್ನ ಮಗಳನ್ನು ಕರೆದೊಯ್ದ ಜಾಗ.' ಕರಡು ತಿದ್ದುವ ರೂಢಿಯಿಂದ ಎರಡು ಸಲ ಓದಿದೆ. ತಪ್ಪೇನೂ ಇರಲಿಲ್ಲ.

"ಹೋಟೆಲಿನವ್ರು ಮೊದಲಿನಕ್ಕಿಂತ ಇದನ್ನ ಭಾಳ ಮೆಚ್ಯಾರ್ರಿ," ಎಂದರು ಅವರು. "ನಾಳೆ ಒಯ್ತಾರ. ಅಮ್ಮಾರು ಆರಾಮದಾರಲ್ರಿ?"

ನಾನು ಅಕ್ಕನ ಮಾತನ್ನು ಹೇಳಿದೆ. ಮುದುಕರ ಮನೆಯವರು ಬಂದರೆ ಅವರ ಭುಜ, ಕಿವಿ, ಅರ್ಧ ಮೀಸೆ ನಮ್ಮಲ್ಲಿದೆ, ಬಂದು ಒಯ್ಯಲಿ ಎಂದೆ. ಅವರು, "ಎಂಥಾ ಮಾತ್ರೀ ಇದು," ಎಂದರು. "ಇದನ್ನೂ ಚೀಟ್ಯಾಗ ಬರಸ್ಲೇನ್ರಿ?"

ನಾನು ಅವರು ಬಿಲ್ಲು ಬರೆಯುವ ಡೆಸ್ಕಿನ ಮೇಲಿದ್ದ ದಪ್ಪ ಮಸಿಯ ಪೆನ್ನನ್ನು ಕೇಳದೆ ತೆಗೆದುಕೊಂಡೆ. ಈ ವಯಸ್ಸಿನಲ್ಲಿ ನೆಲದ ಮೇಲೆ ಒರಗಿ, ಆ ಫೋಟೋಗಳ ಮೇಜಿನ ಕೆಳಗೆ ತಲೆ ಹಾಕಿ, ಮುದುಕರ ಉಳಿದರ್ಧ ಎಲ್ಲಿದೆಯೋ ಅದರ ಸರಿಯಾಗಿ ಕೆಳಗೆ, ಬರಿಯ ಹಲಗೆಯ ಮೇಲೆ, ನಮ್ಮ ಮನೆಯ ವಿಳಾಸ ಬರೆದೆ. ಹೋಟೆಲಿಗೆ ಬಂದು ಚಹಾ ಕುಡಿಯುವ ಜನ ಮೇಜಿನ ಕೆಳಗೆ ಬಗ್ಗಿ ನೋಡುವವರಲ್ಲ. ಕಪ್ಪಿನ ಕೆಳಗೆ ಯಾರಿದ್ದಾರೆಂದು ಕೂಡ ನೋಡುವವರಲ್ಲ. ಆದರೂ ಅಕ್ಷರ ದುಂಡಗೆ ಬರೆದೆ. ಎದ್ದಾಗ ಅಂಗಡಿಯವರು ನನ್ನ ಸೀರೆಗೆ ಹತ್ತಿದ ಬಿಳಿಯ ಪುಡಿಯನ್ನು ಕೈಯಿಂದ ತೋರಿಸಿದರು. ಝಾಡಿಸಿಕೊಂಡು ಬಂದೆ.

ಮನೆಗೆ ಬಂದಾಗ ಅಕ್ಕ ಆ ತುಂಡನ್ನು ಅಡಿಗೆಮನೆಯಿಂದ ಪಡಸಾಲೆಗೆ ತಂದು, ಬಾಗಿಲಿಗೆ ಎದುರಾಗಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದಳು. ಹುಡುಗಿ ಸ್ವಲ್ಪ ಒಳಕ್ಕೆ ತಿರುಗಿದ್ದಳು. ಮುದುಕರ ಕಿವಿ ಮತ್ತು ಅರ್ಧ ಮೀಸೆ ಬಾಗಿಲ ಕಡೆ ಇದ್ದವು.

"ಹೇಳಿ ಬಂದೆ?" ಎಂದಳು.

"ಬರದು ಬಂದೆ. ಇದನ್ಯಾಕ ಇಲ್ಲಿ ತಂದಿ?"

"ಆಕಿ ಮನಿಯವ್ರು ಬಂದು ಮುಟ್ಟ್ಯಾರ," ಎಂದಳು ಅಕ್ಕ. "ಇನ್ನ ಬರಬೇಕಾದವ್ರು ಈ ಅಜ್ಜನವ್ರು. ಬಂದಕೂಡ್ಲೇ ಅವರಿಗೆ ಮುಖ ಕಾಣಬೇಕಲ್ಲ."